ಗವರ್ನರನಾಗುವ ಮೊದಲು ಸೈಕ್ಸ್

ನಮ್ಮ ಕಡೆ, ಅಂದರೆ ಅಂಕೋಲೆ, ಸಿದ್ದಾಪುರಗಳ ಕಡೆ, ಭೂಕಂದಾಯ ಕೊಡದೆ ನಿಂತ ಕರಬಂದಿ ಚಳವಳಿಯ ಕತೆ ಹೇಳುವವರ ಬಾಯಲ್ಲಿ ಮಾಮಲೇದಾರ ಬರುತ್ತಾನೆ, ಫೌಜದಾರ ಬರುತ್ತಾನೆ, ಜಪ್ತಿಯ ದಿನ ಕೊಟ್ಟಿಗೆಯಿಂದ ಎಮ್ಮೆ ಹೊಡೆದುಕೊಂಡು ಹೋದ ಪೊಲೀಸರು ಬರುತ್ತಾರೆ, ಆ ಎಮ್ಮೆಯನ್ನು ಹರಾಜಿನಲ್ಲಿ ಕೊಂಡವನೂ ಬರುತ್ತಾನೆ. ಮುಂಬೈಯ ಗವರ್ನರ್ ಮಾತ್ರ ಬರುವುದಿಲ್ಲ. ಹಳ್ಳಿಯವರ ಪಾಲಿಗೆ ಸರಕಾರ ಎಂದರೆ ಅಂಗಳಕ್ಕೆ ಬಂದು ನಿಂತವರಷ್ಟೇ. ಕೆಲವು ವರ್ಷಗಳ ಹಿಂದೆ ಆ ಕಾಲದ ಬಗ್ಗೆ ಓದುತ್ತಿದ್ದಾಗ, ಇವರೆಲ್ಲರ ಮೇಲೆ ಕೂತಿದ್ದವನು ಯಾರು ಎಂಬ ಕುತೂಹಲದಿಂದ ಹೆಸರು ಹುಡುಕಿದೆ. ಸರ್ ಫ್ರೆಡ್ರಿಕ್ ಸೈಕ್ಸ್: 1928ರ ಡಿಸೆಂಬರಿನಿಂದ 1933ರ ಡಿಸೆಂಬರಿನವರೆಗೆ ಮುಂಬೈ ಪ್ರಾಂತ್ಯದ ಗವರ್ನರ್. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಈ ನಾಲ್ಕೂ ಜಿಲ್ಲೆಗಳು ಆಗ ಆ ಪ್ರಾಂತ್ಯದ ದಕ್ಷಿಣದ ಅಂಚಿನಲ್ಲಿದ್ದವು.

ಅದೇ ಹೆಸರು ವಿಮಾನಯಾನದ ಇತಿಹಾಸದಲ್ಲಿ ಎದುರಾದಾಗ ಇವನು ಬೇರೆ ಯಾರೋ ಇರಬೇಕು ಎಂದುಕೊಂಡೆ. (ಅರಬರ ನಾಡಿನ ಮೇಲೆ ಗೆರೆ ಎಳೆದ ಸೈಕ್ಸ್-ಪಿಕೊ ಒಪ್ಪಂದದ ಸೈಕ್ಸ್ ನಿಜಕ್ಕೂ ಬೇರೆಯವನೇ, ಅವನು ಮಾರ್ಕ್ ಸೈಕ್ಸ್.) ಆದರೆ 1912ರಲ್ಲಿ ಬ್ರಿಟಿಷ್ ಸೈನ್ಯದ ವಿಮಾನದಳಕ್ಕೆ ಮೊದಲ ದಳಪತಿಯಾದವನೂ, 1918ರಲ್ಲಿ ಯುದ್ಧ ಮುಗಿಯುವ ಹೊತ್ತಿಗೆ ರಾಯಲ್ ಏರ್ ಫೋರ್ಸ್‌ನ ಮುಖ್ಯಸ್ಥನಾಗಿದ್ದವನೂ ನಮ್ಮ ಈ ಗವರ್ನರನೇ. ಇಂಗ್ಲೆಂಡಿನವರ ಅಳಲೆಂದರೆ, ಅವರಲ್ಲಿ ಕೆಲವು ಇತಿಹಾಸಕಾರರ ಅಳಲು, ಈತನಿಗೆ ಸಲ್ಲಬೇಕಾದ ಹೆಸರು ಸಲ್ಲಲಿಲ್ಲ ಎಂಬುದು. ಕರಬಂದಿಯ ಕತೆ ಕೇಳಿ ಬೆಳೆದವನಿಗೆ ಆ ಅಳಲಿನಲ್ಲಿ ಪಾಲುಗೊಳ್ಳುವುದು ಸ್ವಲ್ಪ ಕಷ್ಟ. ಆದರೂ ಅದರಲ್ಲಿ ಹುರುಳಿದೆ ಎಂದು ನಿಧಾನಕ್ಕೆ ನನಗೂ ಅನ್ನಿಸತೊಡಗಿತು.

ಸೈಕ್ಸ್ ಹುಟ್ಟಿದ್ದು 1877ರಲ್ಲಿ, ಲಂಡನ್ನಿನ ಹತ್ತಿರದ ಕ್ರಾಯ್ಡನ್‌ನಲ್ಲಿ. ಅಂಥ ದೊಡ್ಡ ಮನೆತನದ ಬಲವೇನೂ ಇರಲಿಲ್ಲ. ಹರೆಯದಲ್ಲಿ ಸಿಲೋನಿನ ಚಹಾ ತೋಟದಲ್ಲಿ ಕೆಲಸ ಮಾಡಿದ. ದಕ್ಷಿಣ ಆಫ್ರಿಕಾದಲ್ಲಿ ಬೋಯರ್ ಯುದ್ಧ ಶುರುವಾದಾಗ ಅಲ್ಲಿಗೆ ಹೋಗಿ ಕುದುರೆ ಸವಾರರ ದಳ ಸೇರಿದ. ಬೋಯರರ ಕೈಗೆ ಸೆರೆ ಸಿಕ್ಕು ಬಿಡುಗಡೆಯಾದ, ಮತ್ತೆ ಯುದ್ಧಕ್ಕಿಳಿದು ಎದೆಗೆ ಗುಂಡು ತಿಂದ. 1901ರಲ್ಲಿ ಹದಿನೈದನೆಯ ಹುಸ್ಸಾರ್ ಅಶ್ವದಳದಲ್ಲಿ ಅಧಿಕಾರಿಯಾದ. ಆಮೇಲಿನ ಹತ್ತು ವರ್ಷಗಳಲ್ಲಿ ಪಶ್ಚಿಮ ಆಫ್ರಿಕಾ, ಶಿಮ್ಲಾದ ಸೇನಾ ಕಚೇರಿಯ ಗುಪ್ತಮಾಹಿತಿ ವಿಭಾಗ, ಕ್ವೆಟ್ಟಾದ ಸ್ಟಾಫ್ ಕಾಲೇಜು ಹೀಗೆ ಸುತ್ತಿದ. ನಡುವೆ 1904ರಲ್ಲಿ ಸೈನ್ಯದ ಬಲೂನ್ ತರಬೇತಿಯನ್ನು ಪಡೆದ. ಕುದುರೆಯ ಮೇಲೆ ಕೂತು ಶತ್ರು ಎಲ್ಲಿದ್ದಾನೆಂದು ನೋಡಿ ಬರುವುದು, ಶಿಮ್ಲಾದ ಮೇಜಿನ ಮುಂದೆ ಕೂತು ಅಂಥ ಸುದ್ದಿಗಳನ್ನು ಒಟ್ಟುಗೂಡಿಸುವುದು, ಬಲೂನಿನ ಬುಟ್ಟಿಯಲ್ಲಿ ನಿಂತು ಕೆಳಗೆ ಕಣ್ಣು ಹಾಯಿಸುವುದು, ಇವು ಮೂರೂ ಒಂದೇ ಕೆಲಸದ ಮೂರು ಬಗೆಗಳು. ಹಾಗಾಗಿ ವಿಮಾನ ಬಂದಾಗ ಆತ ಅದನ್ನು ಸಾಹಸವಾಗಿ ನೋಡದೆ, ಇನ್ನಷ್ಟು ಎತ್ತರದ ಕುದುರೆ ಎಂದು ನೋಡಿದ್ದರೆ ಆಶ್ಚರ್ಯವಿಲ್ಲ. ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಕಲಿತು 1911ರ ಜೂನ್‌ನಲ್ಲಿ ರಾಯಲ್ ಏರೋ ಕ್ಲಬ್ಬಿನ 95ನೆಯ ಪೈಲಟ್ ಪ್ರಮಾಣಪತ್ರ ಪಡೆದ. ಅವನಿಗಿಂತ ಮೊದಲು ಆ ಪತ್ರ ಪಡೆದವರು ನೂರಕ್ಕಿಂತ ಕಡಿಮೆ ಎಂಬುದನ್ನು ನೆನೆದರೆ ಅದು ಎಷ್ಟು ಎಳೆಯ ವಿದ್ಯೆಯಾಗಿತ್ತೆಂದು ತಿಳಿಯುತ್ತದೆ.

ಮರುವರ್ಷ ಬ್ರಿಟಿಷ್ ಸರಕಾರ ಒಂದು ವಿಮಾನದಳ ಕಟ್ಟಲು ಹೊರಟಾಗ ಅದರ ನಕ್ಷೆ ಬರೆದವರು ಮುಖ್ಯವಾಗಿ ಮೂವರು: ಡೇವಿಡ್ ಹೆಂಡರ್ಸನ್, ಡಂಕನ್ ಮ್ಯಾಕಿನ್ನೆಸ್ ಮತ್ತು ಸೈಕ್ಸ್. 1912ರ ಏಪ್ರಿಲ್ 13ರಂದು ರಾಯಲ್ ಫ್ಲೈಯಿಂಗ್ ಕೋರ್ ಕಾಗದದ ಮೇಲೆ ಹುಟ್ಟಿತು. ಮೇ 13ರಂದು ಕೆಲಸ ಆರಂಭಿಸಿತು. ಅದರ ಸೇನಾ ವಿಭಾಗದ ಹೊಣೆ ಸೈಕ್ಸ್‌ನ ಮೇಲೆ ಬಿತ್ತು, ಫಾರ್ನ್‌ಬರೋ ಅವನ ಠಾಣ್ಯವಾಯಿತು. ಅಲ್ಲಿ ಅವನ ಕೈಯಲ್ಲಿದ್ದ ವಿಮಾನಗಳು ಕೈಬೆರಳಿನಲ್ಲಿ ಎಣಿಸುವಷ್ಟಿರಬಹುದು, ಆದರೆ ಯೋಜನೆ ಮಾತ್ರ ಏಳು ಸ್ಕ್ವಾಡ್ರನ್‌ಗಳದು. ಒಂದೊಂದರಲ್ಲಿ ಹನ್ನೆರಡು ವಿಮಾನ, ನಾಲ್ಕು ನಾಲ್ಕರ ಮೂರು ತುಕಡಿ. ಜೊತೆಗೆ ತನ್ನದೇ ಲಾರಿಗಳು, ತನ್ನದೇ ದುರಸ್ತಿ ಶಾಲೆ, ತನ್ನದೇ ಮೆಕ್ಯಾನಿಕ್‌ಗಳು. ಇಡೀ ಸ್ಕ್ವಾಡ್ರನ್ ಸಂಸಾರ ಕಟ್ಟಿಕೊಂಡು ಒಂದು ಹೊಲದಿಂದ ಇನ್ನೊಂದು ಹೊಲಕ್ಕೆ ಬಿಡಾರ ಬದಲಿಸುವಂತಿರಬೇಕು ಎಂಬುದು ಲೆಕ್ಕ. ಈಗ ಇದು ಸಹಜವೆನಿಸುತ್ತದೆ. ಆಗ ವಿಮಾನವೆಂದರೆ ಒಬ್ಬ ಸಿರಿವಂತ ಹುಡುಗ, ಅವನ ಯಂತ್ರ, ಅದನ್ನು ನೂಕಲು ಇಬ್ಬರು ಆಳುಗಳು, ಇಷ್ಟೇ ಆಗಿತ್ತು.

ದಳಕ್ಕೊಂದು ಧ್ಯೇಯವಾಕ್ಯ ಬೇಕೆಂದು ಸೈಕ್ಸ್ ತನ್ನ ಕೈಕೆಳಗಿನ ಅಧಿಕಾರಿಗಳನ್ನು ಕೇಳಿದಾಗ ಯೂಲ್ ಎಂಬ ಕಿರಿಯ ಅಧಿಕಾರಿ ಲ್ಯಾಟಿನ್ನಿನ ಒಂದು ಸಾಲು ಸೂಚಿಸಿದ: ‘ಪರ್ ಆರ್ಡುಆ ಅಡ್ ಆಸ್ಟ್ರಾ’, ಕಷ್ಟಗಳನ್ನು ಹಾದು ನಕ್ಷತ್ರಗಳ ಕಡೆಗೆ. ಇಂದಿಗೂ ರಾಯಲ್ ಏರ್ ಫೋರ್ಸ್‌ನ ಲಾಂಛನದ ಮೇಲೆ ಇರುವುದು ಅದೇ.

1914ರ ಜೂನ್‌ನಲ್ಲಿ ಸೈಕ್ಸ್ ತನ್ನ ಸ್ಕ್ವಾಡ್ರನ್‌ಗಳನ್ನೆಲ್ಲ ನೆದರ್‌ಏವನ್ ಎಂಬಲ್ಲಿ ಒಟ್ಟು ಸೇರಿಸಿ ಒಂದು ತಿಂಗಳ ತಾಲೀಮು ನಡೆಸಿದ. ಎರಡು ತಿಂಗಳೊಳಗೆ ಯುದ್ಧ ಬಂತು. ಆಗಸ್ಟ್ 13ರ ಬೆಳಗ್ಗೆ ಡೋವರಿನಿಂದ ವಿಮಾನಗಳು ಒಂದೊಂದಾಗಿ ಹೊರಟು ಇಂಗ್ಲಿಷ್ ಕಾಲುವೆ ದಾಟಿ ಫ್ರಾನ್ಸಿನ ಆಮಿಯೆನ್‌ನಲ್ಲಿ ಇಳಿದವು. ಕಾಲುವೆಯ ಮೇಲೆ ಎಂಜಿನ್ ನಿಂತುಹೋದರೆ ತೇಲಲೆಂದು ಪೈಲಟ್‌ಗಳು ಮೋಟಾರು ಚಕ್ರದ ಟ್ಯೂಬಿಗೆ ಗಾಳಿ ತುಂಬಿ ಮೈಗೆ ಸುತ್ತಿಕೊಂಡಿದ್ದರು. ನಮ್ಮ ಕಡೆ ಹುಡುಗರು ಕೆರೆಯಲ್ಲಿ ಈಜು ಕಲಿಯುವುದೂ ಹೀಗೇ. ನೆಲದ ಮೇಲಿನ ಸಾಗಾಣಿಕೆಗೆ ಸೈನ್ಯದ ಲಾರಿಗಳು ಸಾಲದೆ ಪೇಟೆಯ ಕಂಪನಿಗಳ ಲಾರಿಗಳನ್ನು ವಶಕ್ಕೆ ಪಡೆದರು. ಅದರಲ್ಲೊಂದು ಎಚ್‌ಪಿ ಸಾಸ್ ಮಾರುವ ಕಡುಕೆಂಪು ಲಾರಿ. ಕೆಲವೇ ವಾರಗಳಲ್ಲಿ ಸೈನ್ಯ ಹಿಮ್ಮೆಟ್ಟತೊಡಗಿ, ದಳದ ಠಾಣ್ಯ ದಿನಕ್ಕೊಂದು ಊರಿಗೆ ಓಡುತ್ತಿದ್ದಾಗ, ಮೇಲಿನಿಂದ ಬರುವ ಪೈಲಟ್‌ಗಳು ತಮ್ಮವರು ಎಲ್ಲಿದ್ದಾರೆಂದು ಗುರುತಿಸಿದ್ದು ಆ ಕೆಂಪು ಲಾರಿಯಿಂದ. ಸೈಕ್ಸ್‌ನ ಅಚ್ಚುಕಟ್ಟಾದ ನಕ್ಷೆಯಲ್ಲಿ ಇದು ಇದ್ದಿರಲಾರದು.

ಆಗಸ್ಟ್ 19ರಂದು ನಡೆದ ಮೊದಲ ಹಾರಾಟವಂತೂ ನಗೆ ತರಿಸುವಂಥದು. ಜುಬೆರ್ ಡಿ ಲಾ ಫರ್ಟೆ, ಮ್ಯಾಪಲ್‌ಬೆಕ್ ಎಂಬ ಇಬ್ಬರು ಒಬ್ಬೊಬ್ಬರೇ ಶತ್ರುವನ್ನು ನೋಡಿ ಬರಲು ಹೊರಟವರು ಮೋಡದಲ್ಲಿ ಪರಸ್ಪರ ಕಳೆದುಕೊಂಡರು, ಆಮೇಲೆ ದಾರಿಯನ್ನೂ ಕಳೆದುಕೊಂಡರು. ಜುಬೆರ್ ಬೆಲ್ಜಿಯಮ್ಮಿನ ಒಂದು ಊರಿನಲ್ಲಿ ಇಳಿದು, ಅಲ್ಲಿನ ಸೇನಾಧಿಕಾರಿಯೊಂದಿಗೆ ಊಟ ಮುಗಿಸಿ, ದಾರಿ ಕೇಳಿಕೊಂಡು ಮುಂದೆ ಹಾರಿದ. ಮೂರೇ ದಿನಗಳಲ್ಲಿ ಚಿತ್ರ ಬದಲಾಯಿತು. 22ರಂದು ಹಾರಿದವರು ಜರ್ಮನ್ ಸೈನ್ಯದ ಭಾರಿ ಸಾಲೊಂದು ಬ್ರಿಟಿಷರ ಎಡ ಮಗ್ಗುಲನ್ನು ಸುತ್ತಿ ಬರುವಂತೆ ಪಶ್ಚಿಮಕ್ಕೆ ಸಾಗುತ್ತಿರುವುದನ್ನು ಕಂಡರು. ದಳದ ನಾಯಕ ಹೆಂಡರ್ಸನ್ ಆ ವರದಿಯನ್ನು ತಾನೇ ಮುಖ್ಯ ಠಾಣ್ಯಕ್ಕೆ ಒಯ್ದ; ಅವನ ಮುಖ್ಯ ಸ್ಟಾಫ್ ಅಧಿಕಾರಿ ಸೈಕ್ಸ್. ಮರುದಿನ ಮೋನ್ಸ್ ಕದನ ನಡೆಯಿತು, ಅದರ ಹಿಂದೆಯೇ ಹಿಮ್ಮೆಟ್ಟುವಿಕೆ. ಸೆಪ್ಟೆಂಬರ್ ಆರಂಭದಲ್ಲಿ ಜರ್ಮನ್ ಸೇನಾನಿ ಫಾನ್ ಕ್ಲುಕ್‌ನ ಪಡೆ ಪ್ಯಾರಿಸ್ಸಿನತ್ತ ನೇರ ಬರದೆ ಆಗ್ನೇಯಕ್ಕೆ ತಿರುಗಿದ್ದನ್ನು ಕಂಡವರಲ್ಲೂ ಈ ವೈಮಾನಿಕರಿದ್ದರು. ಸೇನಾಪತಿ ಸರ್ ಜಾನ್ ಫ್ರೆಂಚ್ ತನ್ನ ವರದಿಯಲ್ಲಿ ದಳವನ್ನು ಹೊಗಳಿದ. ಕುದುರೆ ಸವಾರರು ಬಾರದಿದ್ದ ಕಡೆಯಿಂದ ಬಟ್ಟೆ, ಮರ, ತಂತಿಗಳ ಈ ಯಂತ್ರಗಳು ಸುದ್ದಿ ತಂದದ್ದನ್ನು ಹಳೆಯ ಸೇನಾಧಿಕಾರಿಗಳು ಮೊದಲ ಬಾರಿಗೆ ನಂಬಿದರು.

ಸೈಕ್ಸ್‌ನ ಬದುಕಿನ ಒಳ್ಳೆಯ ತಿಂಗಳುಗಳೆಂದರೆ ಇವೇ ಇರಬೇಕು. ಮುಂದಿನದು ಮನಸ್ತಾಪಗಳ ಕತೆ.

ನವೆಂಬರಿನಲ್ಲಿ ಹೆಂಡರ್ಸನ್ ಕಾಲಾಳು ಡಿವಿಜನ್ನಿನ ನಾಯಕತ್ವಕ್ಕೆ ಹೋದಾಗ ಫ್ರಾನ್ಸಿನ ವಿಮಾನದಳ ಸೈಕ್ಸ್‌ನ ಕೈಗೆ ಬಂತು. ಆತ ಸ್ಕ್ವಾಡ್ರನ್‌ಗಳನ್ನು ‘ವಿಂಗ್’ ಎಂಬ ಗುಂಪುಗಳಾಗಿ ಕೂಡಿಸಿ ಒಂದೊಂದು ಸೇನೆಗೆ ಒಂದೊಂದನ್ನು ಹಚ್ಚಿಕೊಟ್ಟ. ಈ ಏರ್ಪಾಡು ಮುಂದೆ ಬಹುಕಾಲ ಬಾಳಿತು. ಆದರೆ ಮೊದಲ ವಿಂಗಿಗೆ ನಾಯಕನಾಗಿ ಬಂದ ಹ್ಯೂ ಟ್ರೆಂಚರ್ಡ್, ತಾನು ಸೈಕ್ಸ್‌ನ ಕೆಳಗೆ ಕೆಲಸ ಮಾಡಬೇಕೆಂದು ತಿಳಿದ ಕೂಡಲೇ ತನ್ನನ್ನು ಹಳೆಯ ರೆಜಿಮೆಂಟಿಗೆ ಕಳಿಸಿಬಿಡಿ ಎಂದು ಕೇಳಿಕೊಂಡ. ಟ್ರೆಂಚರ್ಡ್ ಗಟ್ಟಿ ಗಂಟಲಿನ, ಒರಟು, ನೇರ ಮಾತಿನ ಮನುಷ್ಯ. ಸೈಕ್ಸ್ ಮಿತಭಾಷಿ, ಎದೆಯೊಳಗೇನಿದೆಯೆಂದು ಬಿಟ್ಟುಕೊಡದವನು, ಮಾತಿಗಿಂತ ಟಿಪ್ಪಣಿ ಬರೆಯುವುದನ್ನು ನೆಚ್ಚಿದವನು. ಇಂಥ ಇಬ್ಬರು ಒಂದೇ ಕಚೇರಿಯಲ್ಲಿ ಸಿಕ್ಕರೆ ಏನಾಗುತ್ತದೆಂದು ಕಚೇರಿಯಲ್ಲಿ ದುಡಿದ ಯಾರಿಗಾದರೂ ಗೊತ್ತು. ಯುದ್ಧಮಂತ್ರಿ ಕಿಚನರ್ ಡಿಸೆಂಬರಿನಲ್ಲಿ ಹೆಂಡರ್ಸನ್‌ನನ್ನೇ ವಾಪಸು ಕರೆಸಿದ, ಸೈಕ್ಸ್ ಹಳೆಯ ಕುರ್ಚಿಗೆ ಮರಳಿದ. ಆದರೆ ಅಷ್ಟರಲ್ಲಿ ಹೆಂಡರ್ಸನ್‌ನ ಮನಸ್ಸಿನಲ್ಲಿ, ಈತ ನನ್ನ ಜಾಗಕ್ಕೆ ಕಣ್ಣಿಟ್ಟು ಒಳಗೊಳಗೇ ಕೆಲಸ ಮಾಡುತ್ತಿದ್ದಾನೆ ಎಂಬ ಹುಳ ಹೊಕ್ಕಿತ್ತು. ಸಂಶಯ ಎಷ್ಟು ನಿಜವೋ ತೀರ್ಮಾನಿಸಲು ನಾನು ಹೋಗುವುದಿಲ್ಲ. ತನ್ನ ಮೇಲಿನವನಲ್ಲಿ ಅಷ್ಟು ಬೇಗ ಅಂಥ ಸಂಶಯ ಹುಟ್ಟಿಸಿದ್ದೇ ಸೈಕ್ಸ್‌ನ ಸ್ವಭಾವದ ಬಗ್ಗೆ ಸಾಕಷ್ಟು ಹೇಳುತ್ತದೆ.

1915ರಲ್ಲಿ ಅವನನ್ನು ತುರ್ಕಿಯ ಗಲಿಪೊಲಿಗೆ ಸಾಗಹಾಕಿದರು. ಅಲ್ಲಿದ್ದದ್ದು ನೌಕಾದಳದ ವಿಮಾನಗಳು, ಅವುಗಳ ಮೇಲೆ ಅಧಿಕಾರ ಸೈನ್ಯದಿಂದ ಬಂದ ಈತನದು. ಅದುವರೆಗೆ ಅಲ್ಲಿ ಹಿರಿಯನಾಗಿದ್ದ ಸ್ಯಾಮ್ಸನ್‌ಗೆ ಇದು ಹೇಗೆ ಹಿಡಿಸೀತು? ಆದರೂ ಆ ಆಗಸ್ಟ್‌ನಲ್ಲಿ ನೌಕಾದಳದ ಸಮುದ್ರವಿಮಾನವೊಂದು ಟಾರ್ಪಿಡೊ ಬಿಟ್ಟು ತುರ್ಕಿ ಹಡಗನ್ನು ಹೊಡೆಯಿತು. ಆಕಾಶದಿಂದ ಹಾಗೆ ಹೊಡೆದದ್ದು ಅದೇ ಮೊದಲು. ಗಲಿಪೊಲಿಯಿಂದ ಮರಳಿದ ಮೇಲೆ ಮೆಷಿನ್ ಗನ್ ದಳದ ಸಂಘಟನೆ, ಆಮೇಲೆ ವರ್ಸೇಲ್ಸ್‌ನ ಮಿತ್ರರಾಷ್ಟ್ರಗಳ ಯುದ್ಧಮಂಡಲಿ. ವಿಮಾನದಳ ದಿನದಿನಕ್ಕೆ ಬೆಳೆಯುತ್ತಿದ್ದ ಆ ವರ್ಷಗಳಲ್ಲಿ ಅದನ್ನು ಕಟ್ಟಿದವನು ಅದರ ಹೊರಗೆ ನಿಂತಿದ್ದ. ಫ್ರಾನ್ಸಿನಲ್ಲಿ ಅದರ ನಾಯಕ ಟ್ರೆಂಚರ್ಡ್.

ಮತ್ತೆ ಒಳಗೆ ಬಂದದ್ದೂ ಇನ್ನೊಬ್ಬರ ಜಗಳದಿಂದಲೇ. 1918ರ ಏಪ್ರಿಲ್ 1ರಂದು ಸೈನ್ಯದ ಮತ್ತು ನೌಕಾದಳದ ವಿಮಾನಗಳನ್ನು ಕೂಡಿಸಿ ರಾಯಲ್ ಏರ್ ಫೋರ್ಸ್ ರಚಿಸಿದರು. ಅದರ ಮೊದಲ ಮುಖ್ಯಸ್ಥ ಟ್ರೆಂಚರ್ಡ್‌ಗೂ ವಾಯುಮಂತ್ರಿ ರಾದರ್ಮಿಯರ್‌ಗೂ ಹೊಂದಾಣಿಕೆಯಾಗದೆ ಟ್ರೆಂಚರ್ಡ್ ರಾಜೀನಾಮೆ ಕೊಟ್ಟಿದ್ದ. ಎರಡನೆಯ ವಾರದಲ್ಲಿ ಆ ಜಾಗಕ್ಕೆ ಸೈಕ್ಸ್ ಬಂದ. ಅವನ ಜೊತೆ ದುಡಿಯಲಾರೆನೆಂದು ಹೆಂಡರ್ಸನ್ ತನ್ನ ಹುದ್ದೆ ಬಿಟ್ಟು ನಡೆದ. ಅತ್ತ ಟ್ರೆಂಚರ್ಡ್ ಫ್ರಾನ್ಸಿನಲ್ಲಿ ಜರ್ಮನಿಯ ಮೇಲೆ ಬಾಂಬು ಹಾಕುವ ಸ್ವತಂತ್ರ ಪಡೆಯ ನಾಯಕನಾದ. ಯುದ್ಧ ಮುಗಿದಾಗ ಸುಮಾರು ಮೂರು ಲಕ್ಷ ಜನ ಮತ್ತು ಇಪ್ಪತ್ತು ಸಾವಿರಕ್ಕೂ ಮಿಕ್ಕಿದ ವಿಮಾನಗಳಿದ್ದ, ಜಗತ್ತಿನ ಅತಿ ದೊಡ್ಡ ವಾಯುಪಡೆಯ ಮುಖ್ಯಸ್ಥನಾಗಿ ಕೂತಿದ್ದವನು ಸೈಕ್ಸ್.

ಅಲ್ಲಿ ಅವನು ಮಾಡಿದ್ದು ತನ್ನ ಸ್ವಭಾವಕ್ಕೆ ತಕ್ಕ ಕೆಲಸ: ಒಂದು ದೊಡ್ಡ ಟಿಪ್ಪಣಿ ಬರೆದ. 1918ರ ಡಿಸೆಂಬರಿನ ಆ ಟಿಪ್ಪಣಿ ಇಡೀ ಸಾಮ್ರಾಜ್ಯಕ್ಕೆ ಎಂಥ ವಾಯುಬಲ ಬೇಕು ಎಂಬುದರ ಬಗ್ಗೆ. ಅದರಲ್ಲಿ ಶಾಂತಿಕಾಲದಲ್ಲೂ ದೊಡ್ಡ ಪಡೆ ಬೇಕೆಂಬ ವಾದವಿತ್ತು. ಆದರೆ ಯುದ್ಧದಿಂದ ಬೊಕ್ಕಸ ಬರಿದಾಗಿದ್ದ ದೇಶದ ಕಿವಿ ಅಂಥದ್ದಕ್ಕೆ ತೆರೆದಿರಲಿಲ್ಲ. 1919ರ ಜನವರಿಯಲ್ಲಿ ಯುದ್ಧ ಮತ್ತು ವಾಯು ಇಲಾಖೆಗಳ ಮಂತ್ರಿಯಾದ ಚರ್ಚಿಲ್‌ಗೆ ಟ್ರೆಂಚರ್ಡ್ ಕೊಟ್ಟ ಚಿಕ್ಕ, ಅಗ್ಗದ ಯೋಜನೆ ಹಿಡಿಸಿತು. ಟ್ರೆಂಚರ್ಡ್ ಮುಖ್ಯಸ್ಥನಾಗಿ ಮರಳಿ ಮುಂದಿನ ಹತ್ತು ವರ್ಷ ಗಟ್ಟಿಯಾಗಿ ಕೂತ. ರಾಯಲ್ ಏರ್ ಫೋರ್ಸ್‌ನ ಪಿತಾಮಹನೆಂಬ ಹೆಸರೂ ಅವನಿಗೇ ಅಂಟಿತು. ಆ ಹೆಸರು ಹೆಂಡರ್ಸನ್‌ಗೆ ಸಲ್ಲಬೇಕಾದದ್ದೆಂದು ಅವನೇ ಹೇಳಿದ್ದುಂಟು. ಸೈಕ್ಸ್‌ಗೆ ಸಲ್ಲಬೇಕೆಂದು ಹೇಳುವವರು ಆ ಪಡಸಾಲೆಯಲ್ಲಿ ಯಾರೂ ಇರಲಿಲ್ಲ. ಬದುಕಿದ್ದ ಟ್ರೆಂಚರ್ಡ್‌ನ ಸುತ್ತ ಇತಿಹಾಸ ಬರೆಯಲಾಯಿತು, ಅದರಲ್ಲಿ ಸೈಕ್ಸ್ ಒಳಸಂಚಿನವನಾಗಿ ಉಳಿದ. ಇದು ಅನ್ಯಾಯವೆಂದು ಒಪ್ಪುತ್ತೇನೆ. ಎರಡನೆಯ ಮಹಾಯುದ್ಧ ಬಂದಾಗ ದೊಡ್ಡ ಪಡೆ ಬೇಕಾಯಿತಲ್ಲ ಎಂದು ಅವನ ಪರ ವಾದಿಸುವವರಿದ್ದಾರೆ. ಆದರೆ 1919ರಲ್ಲಿ ಕಾಸಿಲ್ಲದೆ ಕೂತವರ ಮುಂದೆ ಅಂಥ ಯೋಜನೆ ಇಟ್ಟವನಿಗೆ ಎದುರಿಗೆ ಕೂತವರ ಮುಖ ಓದಲು ಬರುತ್ತಿರಲಿಲ್ಲ ಎಂದೇ ನನಗೆ ತೋರುತ್ತದೆ.

ಸಮಾಧಾನಕ್ಕೆಂದು ಅವನಿಗೆ ನಾಗರಿಕ ವಿಮಾನಯಾನದ ಅಧಿಕಾರ ಕೊಟ್ಟರು. ಪ್ಯಾರಿಸ್ ಶಾಂತಿ ಸಮ್ಮೇಳನದಲ್ಲಿ ಬ್ರಿಟನ್ನಿನ ವಾಯು ವಿಭಾಗದ ಮುಖ್ಯಸ್ಥನೂ ಅವನೇ. ಅಲ್ಲಿ ಹುಟ್ಟಿ 1919ರ ಅಕ್ಟೋಬರ್ 13ರಂದು ಸಹಿಯಾದ ಒಪ್ಪಂದ, ಪ್ರತಿಯೊಂದು ರಾಷ್ಟ್ರಕ್ಕೂ ತನ್ನ ನೆಲದ ಮೇಲಿನ ಆಕಾಶದ ಮೇಲೆ ಪೂರ್ಣ ಅಧಿಕಾರವಿದೆ ಎಂದು ಸಾರಿತು. ಅದೇ ವರ್ಷದ ಆಗಸ್ಟ್ 25ರಂದು ಲಂಡನ್ ಪ್ಯಾರಿಸ್ ನಡುವೆ ದಿನನಿತ್ಯದ ವಿಮಾನ ಶುರುವಾಯಿತು. ಮೊದಲ ಹಾರಾಟದಲ್ಲಿ ಹೋದ ಸಾಮಾನುಗಳಲ್ಲಿ ಪತ್ರಿಕೆಗಳು, ಚರ್ಮ, ಬೇಟೆಯ ಹಕ್ಕಿಗಳು ಮತ್ತು ಡೆವನ್‌ಶೈರಿನ ಕೆನೆ ಇದ್ದವು. ಫ್ರೆಂಚರು ತಮ್ಮ ಕಂಪನಿಗಳಿಗೆ ಕೈತುಂಬ ಸಹಾಯಧನ ಕೊಡುತ್ತಿದ್ದರು. ಚರ್ಚಿಲ್ ಮಾತ್ರ, ನಾಗರಿಕ ವಿಮಾನಯಾನ ತನ್ನ ರೆಕ್ಕೆಯ ಬಲದಿಂದಲೇ ಹಾರಬೇಕು ಎಂದು ಕೈ ಬಿಗಿ ಹಿಡಿದ. ಪರಿಣಾಮವಾಗಿ 1921ರ ಫೆಬ್ರವರಿ ಕೊನೆಯಲ್ಲಿ ಬ್ರಿಟಿಷ್ ವಿಮಾನಗಳೆಲ್ಲ ನೆಲ ಹಿಡಿದವು, ಆಮೇಲೆ ಸರಕಾರ ಅವಸರದಿಂದ ಹಣ ಬಿಚ್ಚಿತು. ಮರುವರ್ಷ ಸೈಕ್ಸ್ ಹುದ್ದೆ ಬಿಟ್ಟ.

ಅಷ್ಟರಲ್ಲಿ ಅವನ ಮದುವೆ ಆಗಿತ್ತು. ಹೆಂಡತಿ ಇಸಬೆಲ್, ಮುಂದೆ ಪ್ರಧಾನಿಯಾದ ಬೋನರ್ ಲಾನ ಮಗಳು. 1922ರಲ್ಲಿ ಷೆಫೀಲ್ಡಿನ ಹ್ಯಾಲಮ್ ಕ್ಷೇತ್ರದಿಂದ ಸಂಸತ್ತಿಗೆ ಹೋದ. ಆರು ವರ್ಷಗಳ ನಂತರ ಮುಂಬೈಗೆ ಬಂದ.

ಮುಂಬೈಯಲ್ಲಿ ಅವನ ಕಾಲ ಎಂಥದೆಂದು ಓದುಗರಿಗೆ ಹೆಚ್ಚು ಹೇಳಬೇಕಾಗಿಲ್ಲ. ಉಪ್ಪಿನ ಸತ್ಯಾಗ್ರಹದ ದಾರಿ ಬಹುಮಟ್ಟಿಗೆ ಹಾದದ್ದು ಅವನ ಪ್ರಾಂತ್ಯದಲ್ಲೇ. 1930ರ ಮೇ 5ರ ನಡುರಾತ್ರಿ ಕರಾಡಿಯಲ್ಲಿ ಗಾಂಧೀಜಿಯವರನ್ನು ಬಂಧಿಸಿ ಯರವಡಾಕ್ಕೆ ಒಯ್ದದ್ದು 1827ರ ಮುಂಬೈ ಕಾನೂನೊಂದನ್ನು ಹಿಡಿದುಕೊಂಡು, ವಿಚಾರಣೆಯ ಗೊಡವೆಯಿಲ್ಲದೆ. ವಾರದೊಳಗೆ ಸೊಲ್ಲಾಪುರ ಹೊತ್ತಿಕೊಂಡು ಅಲ್ಲಿ ಮಾರ್ಷಲ್ ಲಾ ಬಂತು. 1931ರ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಕಿಸನ್ ಸಾರಡಾ ಈ ನಾಲ್ವರನ್ನು ಗಲ್ಲಿಗೇರಿಸಿದರು. ಅಂಕೋಲೆಯಲ್ಲಿ 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರು ಉಪ್ಪಿನ ಕಾಯಿದೆ ಮುರಿದಿದ್ದರು. ಅದರ ಬೆನ್ನಿಗೇ ಅಂಕೋಲೆ, ಸಿದ್ದಾಪುರ ತಾಲೂಕುಗಳ ರೈತರು ಭೂಕಂದಾಯ ಕೊಡುವುದಿಲ್ಲವೆಂದು ನಿಂತರು. ಸರಕಾರ ತೋಟ, ಗದ್ದೆ, ಪಾತ್ರೆಪಗಡಿ ಜಪ್ತಿ ಮಾಡಿತು. ಸಿದ್ದಾಪುರದ ಮಾವಿನಗುಂಡಿಯಲ್ಲಿ, ಹರಾಜಿನಲ್ಲಿ ಸೊತ್ತು ಕೊಂಡವರ ಮನೆ ಮುಂದೆ ಹೆಂಗಸರು ಉಪವಾಸ ಕೂತರು. ಕಳೆದುಕೊಂಡ ಜಮೀನು ಮರಳಿ ಸಿಗುವ ದಾರಿ ತೆರೆದದ್ದು 1937ರಲ್ಲಿ ಮುಂಬೈಯಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆ.

ಸೈಕ್ಸ್ ಕ್ರೂರಿಯಾಗಿದ್ದನೆಂದು ಹೇಳುತ್ತಿಲ್ಲ. ಹಳ್ಳಿಗಳ ಸುಧಾರಣೆಗೆಂದು 1933ರಲ್ಲಿ ಒಂದು ಯೋಜನೆಯನ್ನೂ ಹೊರಡಿಸಿದ. ಅದೂ ಮೇಲಿನಿಂದ ಕೆಳಕ್ಕೆ ಕಚೇರಿ ಕಚೇರಿ ಇಳಿದು ಬರುವ ಅಚ್ಚುಕಟ್ಟಾದ ಯೋಜನೆಯೇ. ಸುದ್ದಿ ಸರಿಯಾಗಿ ಬಂದು, ವ್ಯವಸ್ಥೆ ಸರಿಯಾಗಿದ್ದರೆ ಎಲ್ಲವನ್ನೂ ನಿಭಾಯಿಸಬಹುದು ಎಂಬ ನಂಬಿಕೆ ಅವನದೆಂದು ನನಗೆ ಅನಿಸುವುದು ಈ ಎಲ್ಲ ಕೆಲಸಗಳನ್ನು ಸಾಲಾಗಿ ಇಟ್ಟು ನೋಡಿದಾಗ. 1914ರ ಫ್ರಾನ್ಸಿನಲ್ಲಿ ಆ ನಂಬಿಕೆ ಗೆದ್ದಿತ್ತು. ಮಾವಿನಗುಂಡಿಯಲ್ಲಿ ಅನ್ನ ಬಿಟ್ಟು ಕೂತ ಹೆಂಗಸಿನ ಬಗ್ಗೆ ಎಷ್ಟು ನಿಖರ ವರದಿ ಕಳಿಸಿದರೂ ಮೇಲಿನವನು ಅದನ್ನು ಯಾವ ಖಾನೆಯಲ್ಲಿ ತುಂಬಿಯಾನು?

ವಿಚಿತ್ರವೆಂದರೆ, ಅವನು ಬಿಟ್ಟು ಬಂದ ವಿಮಾನಗಳು ಅವನನ್ನು ಹುಡುಕಿಕೊಂಡು ಬಂದವು. ಕರಾಚಿ ಆಗ ಮುಂಬೈ ಪ್ರಾಂತ್ಯಕ್ಕೇ ಸೇರಿತ್ತು. 1929ರ ಮಾರ್ಚ್ 30ರಂದು ಲಂಡನ್ನಿನಿಂದ ಕರಾಚಿಗೆ ಇಂಪೀರಿಯಲ್ ಏರ್‌ವೇಸ್ ಕಂಪನಿಯ ವಿಮಾನ ಶುರುವಾಯಿತು. ನಡುವೆ ಒಂದು ತುಂಡು ದಾರಿ ರೈಲಿನಲ್ಲಿ ಸೇರಿಸಿ ಏಳು ದಿನದ ಪಯಣ. ಆರ್101 ಎಂಬ ದೈತ್ಯ ವಾಯುನೌಕೆಗಾಗಿ ಕರಾಚಿಯಲ್ಲಿ ಬೆಟ್ಟದಂಥ ಹ್ಯಾಂಗರ್ ಕಟ್ಟಿ ಕಾಯುತ್ತಿದ್ದರು. ಅದು 1930ರ ಅಕ್ಟೋಬರಿನಲ್ಲಿ ಭಾರತಕ್ಕೆ ಹೊರಟು ಫ್ರಾನ್ಸಿನಲ್ಲೇ ನೆಲಕ್ಕೆ ಬಿದ್ದು 48 ಜನರ ಜೊತೆ ಸುಟ್ಟುಹೋಯಿತು, ಹ್ಯಾಂಗರ್ ಖಾಲಿ ಉಳಿಯಿತು. 1933ರ ಏಪ್ರಿಲ್ 1ರಂದು ಅದೇ ಕರಾಚಿಯ ಡ್ರಿಗ್ ರೋಡಿನಲ್ಲಿ ನಾಲ್ಕು ವಾಪಿತಿ ವಿಮಾನಗಳು ಮತ್ತು 19 ಹವಾಯಿ ಸಿಪಾಯಿಗಳೊಂದಿಗೆ ಭಾರತೀಯ ವಾಯುಪಡೆಯ ಮೊದಲ ಸ್ಕ್ವಾಡ್ರನ್ ಶುರುವಾಯಿತು. ಅದರ ಮೇಲೆ ಪ್ರಾಂತ್ಯದ ಗವರ್ನರನಿಗೆ ಯಾವ ಅಧಿಕಾರವೂ ಇರಲಿಲ್ಲ.

ಡಿಸೆಂಬರಿನಲ್ಲಿ ಅವಧಿ ಮುಗಿಸಿ ಸೈಕ್ಸ್ ಊರಿಗೆ ಮರಳಿದ. 1940ರಿಂದ ಐದು ವರ್ಷ ಮತ್ತೆ ಸಂಸತ್ತಿನಲ್ಲಿದ್ದ, 1942ರಲ್ಲಿ ಆತ್ಮಕತೆ ಪ್ರಕಟಿಸಿದ, 1954ರಲ್ಲಿ ತೀರಿಕೊಂಡ.

ಅವನ ಆಳ್ವಿಕೆಯ ದಿನಗಳಲ್ಲಿ ನನಗೆ ಬಿಡದೆ ನೆನಪಾಗುವುದು 1932ರ ಅಕ್ಟೋಬರ್ 15. ಆ ಬೆಳಗ್ಗೆ ಜೆ. ಆರ್. ಡಿ. ಟಾಟಾ ಅಂಚೆಚೀಲ ಹೊತ್ತ ಪುಸ್ ಮಾತ್ ವಿಮಾನವನ್ನು ಕರಾಚಿಯಿಂದ ಒಬ್ಬರೇ ಹಾರಿಸಿಕೊಂಡು ಹೊರಟರು. ಸರಕಾರದ ಸಹಾಯಧನ ಒಂದು ಕಾಸೂ ಇರಲಿಲ್ಲ. ಚರ್ಚಿಲ್ ಹೇಳಿದಂತೆ ತನ್ನ ರೆಕ್ಕೆಯ ಬಲದಿಂದಲೇ ಹಾರಿದ ವಿಮಾನ ಅದು. ಅಹಮದಾಬಾದಿನಲ್ಲಿ ಪೆಟ್ರೋಲಿನ ಡಬ್ಬಿಗಳು ಎತ್ತಿನಗಾಡಿಯಲ್ಲಿ ಬಂದವು. ಜುಹುವಿನ ಬಯಲಿನಲ್ಲಿ ಇಳಿದ ಮೇಲೆ ಅಲ್ಲಿಂದ ಮುಂದಿನ ದಾರಿಗೆ ನೆವಿಲ್ ವಿನ್ಸೆಂಟ್, ಸೈಕ್ಸ್ ಹಿಂದೊಮ್ಮೆ ಆಳಿದ ರಾಯಲ್ ಏರ್ ಫೋರ್ಸ್‌ನಲ್ಲಿ ಪಳಗಿದ ಪೈಲಟ್, ಚೀಲಗಳನ್ನು ಹೊತ್ತು ಮದ್ರಾಸಿನತ್ತ ಹೊರಟ. ನಕ್ಷೆಯ ಮೇಲೆ ಅಡಿಪಟ್ಟಿ ಇಟ್ಟು ನೋಡಿದರೆ ಮುಂಬೈಯಿಂದ ಬಳ್ಳಾರಿಗೆ ಹೋಗುವ ಗೆರೆ ಅಂದಿನ ವಿಜಾಪುರ ಜಿಲ್ಲೆಯನ್ನು ಹಾದು, ತುಂಗಭದ್ರೆಯನ್ನು ದಾಟುತ್ತದೆ. ಕೆಳಗೆ ಹೊಲದಲ್ಲಿದ್ದ ಯಾರಾದರೂ ಸದ್ದು ಕೇಳಿ ತಲೆ ಎತ್ತಿ ನೋಡಿರಬಹುದು. ಅಂಕೋಲೆ, ಸಿದ್ದಾಪುರಗಳಲ್ಲಿ ಆಗ ಇನ್ನೂ ಜಪ್ತಿ ನಡೆದೇ ಇತ್ತು. ವಿನ್ಸೆಂಟ್ ಕತ್ತಲಾಯಿತೆಂದು ಬಳ್ಳಾರಿಯಲ್ಲಿ ಇಳಿದು, ರಾತ್ರಿ ಅಲ್ಲೇ ತಂಗಿ, ಬೆಳಗಾದ ಮೇಲೆ ಅಂಚೆಯನ್ನು ಮದ್ರಾಸಿಗೆ ಒಯ್ದ.